ಆರಿದ್ರ ಹುಡುಕಿಕೊಂಡು ತಾರಾಲಯಕ್ಕೆ

ನಮ್ಮ ಕಡೆ ಮಳೆಗೆಲ್ಲ ನಕ್ಷತ್ರದ ಹೆಸರು. ರೋಹಿಣಿ ಮಳೆ, ಮೃಗಶಿರ ಮಳೆ, ಆಮೇಲೆ ಆರಿದ್ರ. ‘ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ’ ಅಂತ ಅಪ್ಪ ಜೂನ್ ಬಂತೆಂದರೆ ಮೋಡ ನೋಡುತ್ತಾ ಹೇಳುವುದನ್ನು ಕೇಳಿಕೊಂಡೇ ಬೆಳೆದವನು ನಾನು. ಆದರೆ ಆ ನಕ್ಷತ್ರ ಎಲ್ಲಿದೆ ಅಂತ ನಲವತ್ತು ದಾಟಿದರೂ ಗೊತ್ತಿರಲಿಲ್ಲ.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಿಂದ ಇದೆ. ಅದರ ಮುಂದೆ ನೂರಾರು ಸಲ ಓಡಾಡಿದ್ದರೂ ಒಳಗೆ ಕಾಲಿಟ್ಟದ್ದು ಕಳೆದ ವರ್ಷ ಜೂನ್ ಕೊನೆಯಲ್ಲಿ, ಮಗಳ ಜೊತೆ. ಮೊದಲ ಸಲ ಸೋಮವಾರ ಹೋಗಿ ಮುಚ್ಚಿದ ಗೇಟು ನೋಡಿ ಬಂದೆವು. ತಪ್ಪು ನನ್ನದೇ, ಸೋಮವಾರ ರಜೆ ಅಂತ ವಿಚಾರಿಸಬೇಕಿತ್ತು. ಎರಡನೇ ಸಲ ಕನ್ನಡ ಪ್ರದರ್ಶನದ ಹೊತ್ತು ಕೇಳಿಕೊಂಡು ಹೋದೆವು.

15 ಮೀಟರ್ ಅಗಲದ ಗುಮ್ಮಟ. ಕುರ್ಚಿಗೆ ಒರಗಿದರೆ ಎದುರಿಗೆ ಅದೊಂದೇ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಮೊದಲು ಏನೂ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಸ್ವಲ್ಪ ಮುಂಚೆ ಹೋಗಿ ಫೋನ್ ಜೇಬಿಗಿಟ್ಟು ಸುಮ್ನೆ ಕೂತಿರಿ. ಪಡುವಣದಲ್ಲಿ ಸೂರ್ಯ ಮುಳುಗಿ ಬೆಳಕು ನಿಧಾನಕ್ಕೆ ಆರುತ್ತಾ ಹೋದಂತೆ ಒಂದು, ಎರಡು, ಹತ್ತು ಅಂತ ಶುರುವಾದ ಚುಕ್ಕಿಗಳು ಗುಮ್ಮಟದ ತುಂಬ ಚೆಲ್ಲಿಕೊಂಡವು. ಪಕ್ಕದ ಸಾಲಿನ ಮಗುವೊಂದು ‘ಅಯ್ಯೋ’ ಅಂದಿತು.

ನನಗೆ ಮೊದಲ ಪೆಟ್ಟು ಕೊಟ್ಟದ್ದು ಧ್ರುವ. ಅದು ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತೆ, ಎತ್ತರದಲ್ಲಿರುತ್ತೆ ಅಂತ ನಂಬಿದ್ದೆ. ನೋಡಿದರೆ ಉತ್ತರ ದಿಕ್ಕಿನಲ್ಲಿ ಕೆಳಗೆ, ಸಾಧಾರಣ ಚುಕ್ಕಿ. ನಮ್ಮೂರಿನ ಅಕ್ಷಾಂಶ ಎಷ್ಟೋ ಅಷ್ಟೇ ಅದರ ಎತ್ತರ. ಬೆಂಗಳೂರಿಗೆ 13 ಡಿಗ್ರಿ, ಅಂದರೆ ಕೈ ನೀಡಿ ಹಿಡಿದರೆ ಒಂದು ಮುಷ್ಟಿಗಿಂತ ಚೂರು ಮೇಲೆ. ನಗರದಲ್ಲಿ ಅಷ್ಟರೊಳಗೆ ಅಪಾರ್ಟ್‌ಮೆಂಟು ಬಂದಿರುತ್ತೆ!

ಆರಿದ್ರ ಮಾತ್ರ ಎಲ್ಲೂ ಕಾಣಲಿಲ್ಲ. ಮುಗಿದ ಮೇಲೆ ಅಲ್ಲಿನವರೊಬ್ಬರನ್ನು ಕೇಳಿದೆ. ‘ಈಗ ಸೂರ್ಯನೇ ಆ ಕಡೆ ಇದ್ದಾನಲ್ಲ ಸಾರ್, ಹೆಂಗೆ ಕಾಣುತ್ತೆ?’ ಅಂದರು. ವರ್ಷದಲ್ಲಿ ಸೂರ್ಯ 27 ನಕ್ಷತ್ರ ದಾಟುತ್ತಾನೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅವನು ಯಾವುದರಲ್ಲಿ ಇರುತ್ತಾನೋ ಆ ಹೊತ್ತಿನ ಮಳೆಗೆ ಅದರ ಹೆಸರು. ಅಂದರೆ ಆರಿದ್ರ ಮಳೆ ಸುರಿಯುವಾಗ ಆರಿದ್ರ ನಕ್ಷತ್ರ ಹಗಲಿನ ಬೆಳಕಲ್ಲಿ ಮುಚ್ಚಿಹೋಗಿರುತ್ತೆ! ಮನೆಗೆ ಬಂದು ಫೋನಿನಲ್ಲಿ ಆಕಾಶ ತೋರಿಸುವ ಸ್ಟೆಲ್ಲೇರಿಯಂ ಅನ್ನೋ ಆ್ಯಪ್ ಹಾಕಿಕೊಂಡು, ಅದರಲ್ಲಿ ವಾತಾವರಣ ತೆಗೆದುಹಾಕುವ ಗುಂಡಿ ಒತ್ತಿ ಮಧ್ಯಾಹ್ನದ ಆಕಾಶ ನೋಡಿದೆ. ಹೌದು, ಸೂರ್ಯನಿಂದ ಸ್ವಲ್ಪ ದಕ್ಷಿಣಕ್ಕೆ ಕೂತಿತ್ತು.

ಅಪ್ಪನಿಗೆ ಫೋನ್ ಮಾಡಿ, ‘ಆರಿದ್ರ ನಕ್ಷತ್ರ ಯಾವತ್ತಾದ್ರೂ ನೋಡಿದೀಯಾ?’ ಅಂದೆ.

‘ಅದನ್ನ ಯಾಕೆ ನೋಡ್ಬೇಕು, ಪಂಚಾಂಗದಲ್ಲಿ ಬರೆದಿರ್ತಾರಲ್ಲ.’

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ರಾತ್ರಿ ಎಂಟಕ್ಕೆ ಅವನನ್ನು ಅಂಗಳಕ್ಕೆ ಕರೆದೆ. ಪೂರ್ವದಲ್ಲಿ ಮೂರು ಚುಕ್ಕಿ ಒಂದರ ಮೇಲೊಂದು ನೆಟ್ಟಗೆ ನಿಂತಿದ್ದವು. ಅದರ ಎಡಕ್ಕೆ ಕೆಂಪಗೆ ಇರೋದೇ ಆರಿದ್ರ ಅಂತ ಬೆರಳು ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಕತ್ತೆತ್ತಿ ನೋಡಿದ.

‘ಇದಾ? ನಡುರಾತ್ರಿ ಕರೆಂಟ್ ಕೊಟ್ಟಾಗ ಮೋಟ್ರು ಹಾಕೋಕೆ ತೋಟಕ್ಕೆ ಹೋದ್ರೆ ಇದು ನೆತ್ತಿ ಮೇಲೇ ಇರ್ತಿತ್ತು. ಹೆಸರು ಗೊತ್ತಿರ್ಲಿಲ್ಲ ಅಷ್ಟೇ.’