ಎರಡು ಕರೆಂಟು ಎಲ್ಲೂ ಸೇರಬಾರದು: ಚೇಂಜ್‌ಓವರ್ ಸ್ವಿಚ್ ಕೂರಿಸಿ ಪರೀಕ್ಷಿಸುವ ಕ್ರಮ

ಬಳ್ಳಾರಿ ಕೌಲ್‌ಬಜಾರಿನ ಜೀನ್ಸ್ ಹೊಲಿಗೆ ಘಟಕವಿರಲಿ, ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿ ಇರಲಿ, ಸಿಂಧನೂರಿನ ಅಂಗಡಿ ಇರಲಿ, ಕರೆಂಟು ಹೋದ ಕೂಡಲೇ ಜನರೇಟರ್ ಚಾಲೂ ಆಗುತ್ತದೆ. ಆ ಜನರೇಟರಿನ ವೈರು ಕಟ್ಟಡದೊಳಗೆ ಹೇಗೆ ಸೇರುತ್ತದೆ ಎಂಬುದನ್ನು ಮಾತ್ರ ಬಹಳ ಕಡೆ ಯಾರೂ ನೋಡಿರುವುದಿಲ್ಲ. ಎರಡೂ ತುದಿಗೆ ಪಿನ್ ಇರುವ ವೈರನ್ನು ಸಾಕೆಟ್ಟಿಗೆ ಚುಚ್ಚಿ, ಮೇನ್ ಇಳಿಸಿದ್ದೇವಲ್ಲ ಎಂದು ನೆಮ್ಮದಿಯಾಗಿರುವವರಿದ್ದಾರೆ. ಇದು ಕೊಲ್ಲುವ ಅಭ್ಯಾಸ. ಮೇನ್ ಇಳಿಸುವುದನ್ನು ಒಂದು ದಿನ ಮರೆತರೂ ಜನರೇಟರಿನ ಕರೆಂಟು ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ತಲುಪುತ್ತದೆ. 11,000 ವೋಲ್ಟನ್ನು 433ಕ್ಕೆ ಇಳಿಸುವ ಅದೇ ಟಿಸಿ, ಹಿಂದಿನಿಂದ ಕೊಟ್ಟ 415 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ತಿಳಿಯುವುದಿಲ್ಲ. ಓಣಿಯ ಲೋಡೆಲ್ಲ ಬಿದ್ದು ಜನರೇಟರ್ ತಾನೇ ನಿಂತುಹೋಗುತ್ತದೆ ಎಂಬ ಲೆಕ್ಕಾಚಾರವೂ ಸರಿಯಲ್ಲ. ನಡುವೆ ಎಲ್ಲೋ ಫ್ಯೂಸು ಹೋಗಿದ್ದರೆ, ತಂತಿ ಹರಿದಿದ್ದರೆ ಅದು ನಿಲ್ಲುವುದಿಲ್ಲ.

ಇದಕ್ಕೆ ಇರುವ ಪರಿಹಾರ ಚೇಂಜ್‌ಓವರ್ ಸ್ವಿಚ್. ಹಿಡಿಕೆ 1ಕ್ಕೆ ಬಂದರೆ ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಕರೆಂಟು, 2ಕ್ಕೆ ಬಂದರೆ ಜನರೇಟರ್, ನಡುವೆ 0. ಒಂದನ್ನು ಪೂರ್ತಿ ಬಿಡದೆ ಇನ್ನೊಂದನ್ನು ಹಿಡಿಯಲು ಅದರ ಯಂತ್ರರಚನೆಯೇ ಬಿಡುವುದಿಲ್ಲ. ಮೀಟರ್ ಬದಿಯ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಬೇಕು, ಮೀಟರಿನ ಸೀಲು ಮುಟ್ಟಬಾರದು, ಜನರೇಟರ್ ಇಡುವ ವಿಷಯವನ್ನು ಜೆಸ್ಕಾಂ ಉಪವಿಭಾಗದ ಗಮನಕ್ಕೆ ತರಬೇಕು. ಆದರೂ ಕೆಲಸದ ಕ್ರಮ ಮಾಲೀಕರಿಗೆ ಗೊತ್ತಿದ್ದರೆ ಎಲ್ಲಿ ಕೈಬಿಟ್ಟಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ.

ಯಾವ ಸ್ವಿಚ್, ಎಷ್ಟು ಆಂಪಿಯರ್

ಉದಾಹರಣೆಗೆ 15 ಕೆವಿಎ ತ್ರೀ ಫೇಸ್ ಜನರೇಟರ್ ತೆಗೆದುಕೊಳ್ಳೋಣ. 15,000ವನ್ನು 1.732 ಮತ್ತು 415ರ ಗುಣಲಬ್ಧದಿಂದ ಭಾಗಿಸಿದರೆ ಒಂದು ಫೇಸಿಗೆ ಸುಮಾರು 21 ಆಂಪಿಯರ್. ಸಿಂಗಲ್ ಫೇಸಿನ 5 ಕೆವಿಎ ಜನರೇಟರೂ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ ಇಷ್ಟೇ, 22 ಆಂಪಿಯರ್ ಕೊಡುತ್ತದೆ. ಆದರೆ ಸ್ವಿಚ್ಚಿನ ಅಳತೆ ಜನರೇಟರ್ ನೋಡಿ ನಿರ್ಧಾರವಾಗುವುದಲ್ಲ. ಜೆಸ್ಕಾಂ ಬದಿಯ ಮೇನ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಇಳಿಯುವ ಸ್ವಿಚ್) ದೊಡ್ಡದಿದ್ದರೆ ಅದೇ ಲೆಕ್ಕಕ್ಕೆ ಬರುತ್ತದೆ. ಮೇನ್ 32 ಆಂಪಿಯರ್ ಇದ್ದರೆ 40ರ ಸ್ವಿಚ್ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ನಮ್ಮ ಸೀಮೆಗೆ 63 ಆಂಪಿಯರಿನದೇ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ನೆರಳೇ 40 ಡಿಗ್ರಿ ದಾಟುವಾಗ ತಗಡಿನ ಪೆಟ್ಟಿಗೆಯ ಒಳಗೆ ಇನ್ನೂ ಹೆಚ್ಚು ಕಾವು ಇರುತ್ತದೆ. ಆ ಕಾವಿನಲ್ಲಿ ಸ್ವಿಚ್ ತನ್ನ ಮೇಲೆ ಬರೆದಷ್ಟು ಆಂಪಿಯರ್ ಹೊರಲಾರದು.

ಆಂಪಿಯರಿಗಿಂತ ಮುಖ್ಯವಾದದ್ದು ಪೋಲುಗಳ ಸಂಖ್ಯೆ, ಅಂದರೆ ಸ್ವಿಚ್ ಒಟ್ಟಿಗೆ ಎಷ್ಟು ತಂತಿ ಕಡಿಯುತ್ತದೆ ಎಂಬುದು. ತ್ರೀ ಫೇಸಿಗೆ 4 ಪೋಲ್, ಸಿಂಗಲ್ ಫೇಸಿಗೆ 2 ಪೋಲ್. ದುಡ್ಡು ಉಳಿಸಲು 3 ಪೋಲಿನದನ್ನು ತಂದು ನ್ಯೂಟ್ರಲ್‌ಗಳನ್ನು ಒಂದೇ ಬೋಲ್ಟಿಗೆ ಬಿಗಿಯುವುದು ಈ ಕೆಲಸದಲ್ಲಿ ಕಾಣುವ ದೊಡ್ಡ ತಪ್ಪು. ಫೇಸ್ ಕಡಿದರೂ ನ್ಯೂಟ್ರಲ್ ಮೂಲಕ ಜನರೇಟರ್ ಹೊರಗಿನ ಲೈನಿಗೆ ಅಂಟಿಕೊಂಡೇ ಇರುತ್ತದೆ. ಒಳಗೆ ಏನಾದರೂ ಕೆಟ್ಟರೆ ಅದರ ವೋಲ್ಟೇಜು ಹೊರಗಿನ ನ್ಯೂಟ್ರಲ್ ತಂತಿಯ ಮೇಲೆ ಕಾಣಿಸಿಕೊಳ್ಳಬಹುದು, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್) ಕಾರಣವಿಲ್ಲದೆ ಬೀಳಬಹುದು. ಮೋಟರ್ ಲೋಡ್ ಇರುವಲ್ಲಿ ಎಸಿ-23ಎ ಎಂದು ನಮೂದಿಸಿದ ಆನ್‌ಲೋಡ್ ಸ್ವಿಚ್ಚನ್ನೇ ಕೇಳಿ. ಆಫ್‌ಲೋಡ್ ಸ್ವಿಚ್ಚನ್ನು ಲೋಡ್ ಓಡುವಾಗ ತಿರುಗಿಸಿದರೆ ಕಾಂಟ್ಯಾಕ್ಟ್‌ಗಳು ಕಿಡಿಗೆ ಸುಡುತ್ತವೆ.

ಉಳಿದ ಸಾಮಾನು: 6 ಚದರ ಮಿಮೀ ತಾಮ್ರದ 4 ಕೋರ್ ಆರ್ಮರ್ಡ್ ಕೇಬಲ್ (ಜನರೇಟರ್ ದೂರವಿದ್ದರೆ 10 ಚದರ ಮಿಮೀ), ಕೇಬಲ್ಲನ್ನು ಪೆಟ್ಟಿಗೆಗೆ ಬಿಗಿಹಿಡಿಯುವ ಮೂರು ಗ್ಲ್ಯಾಂಡ್, ವೈರಿನ ತುದಿಗೆ ಹಾಕುವ ಹನ್ನೆರಡು ಲಗ್ಗುಗಳು, ಜೊತೆಗೆ ನಾಲ್ಕು ಹೆಚ್ಚಿಗೆ, ಲಗ್ ಒತ್ತುವ ಕ್ರಿಂಪಿಂಗ್ ಟೂಲ್, ಎರಡೂ ಬದಿಗೆ ಸೂಚಕ ದೀಪಗಳು. ಸರ್ವಿಸ್ ವೈರು ಅಲ್ಯೂಮಿನಿಯಂ ಆಗಿದ್ದರೆ ಆ ಬದಿಗೆ ಬೈಮೆಟಲ್ ಲಗ್ ಬೇಕು. ಅಲ್ಯೂಮಿನಿಯಂ ನೇರವಾಗಿ ತಾಮ್ರಕ್ಕೆ ತಾಗಿದರೆ ಆ ಜಾಗ ಸವೆಯುತ್ತದೆ, ಸಡಿಲಾಗಿ ಕಾಯುತ್ತದೆ. ಪೆಟ್ಟಿಗೆ ಹಾನಿ ಮಾಡುವಷ್ಟು ಧೂಳು ಒಳಗೆ ಬಿಡದ ಐಪಿ54 ದರ್ಜೆಯದಿರಲಿ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಗಿರಣಿಯ ತೌಡು, ಹೊಲಿಗೆ ಘಟಕದ ದಾರದ ನಯವಾದ ಎಳೆ ಇವೆಲ್ಲ ಟರ್ಮಿನಲ್ ಮೇಲೆ ಕೂತು ತೇವ ಹಿಡಿದರೆ ಕರೆಂಟಿಗೆ ದಾರಿಯಾಗುತ್ತವೆ.

ಗೋಡೆಗೆ ಏರಿಸುವ ಮೊದಲು

ಸ್ವಿಚ್ಚನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ. ಕೆಲವು ತಯಾರಿಕೆಗಳಲ್ಲಿ ಲೋಡ್ ಟರ್ಮಿನಲ್ ನಡುವೆ ಇರುತ್ತದೆ, ಕೆಲವದರಲ್ಲಿ ಕೆಳಗೆ. ಮುಚ್ಚಳದ ಚಿತ್ರ ನೋಡಿ, ಆಮೇಲೆ ಮೀಟರಿನಿಂದ ಖಚಿತ ಮಾಡಿಕೊಳ್ಳಿ. 1ರಲ್ಲಿ ಜೆಸ್ಕಾಂ ಬದಿಯ ನಾಲ್ಕೂ ಟರ್ಮಿನಲ್ ಲೋಡಿನ ಜೊತೆ ಸದ್ದು ಮಾಡಬೇಕು, ಜನರೇಟರ್ ಬದಿಯ ಒಂದೂ ಮಾಡಬಾರದು. 2ರಲ್ಲಿ ಇದರ ಉಲ್ಟಾ. 0ಯಲ್ಲಿ ಎಲ್ಲವೂ ಮೌನ. ಜೆಸ್ಕಾಂ ಟರ್ಮಿನಲ್ ಮತ್ತು ಜನರೇಟರ್ ಟರ್ಮಿನಲ್ ನಡುವೆ ಮೂರು ಸ್ಥಾನಗಳಲ್ಲಿ ಯಾವುದರಲ್ಲೂ ಸದ್ದು ಬರಕೂಡದು, ಹಿಡಿಕೆಯನ್ನು ನಿಧಾನಕ್ಕೆ ಸರಿಸುವಾಗಲೂ ಬರಕೂಡದು. ಬಂದರೆ ಅಂಗಡಿಗೆ ವಾಪಸ್.

ಜಾಗ: ಮೀಟರ್ ಮತ್ತು ಮೇನ್ ಆದ ಮೇಲೆ, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಮೊದಲು. ಹಿಡಿಕೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರಕ್ಕಿರಲಿ. ಪಡುವಣ ಬಿಸಿಲು ಬೀಳುವ ಗೋಡೆ, ಇಸ್ತ್ರಿಯ ಬಾಯ್ಲರ್, ಬಟ್ಟೆ ತೊಳೆಯುವ ಜಾಗ ಬೇಡ. ಜನರೇಟರ್ ಮಾತ್ರ ಹೊರಗೇ ಇರಬೇಕು, ಅದರ ಹೊಗೆಯ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಜೋಡಣೆ

ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಯುಪಿಎಸ್ ಆರಿಸಿ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವಲ್ಲಿ ಹಿಡಿದು ಅದು ಸರಿಯಾಗಿದೆ ಎಂದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಫೇಸ್‌ಗಳ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ ಅಳೆದು, ಮತ್ತೆ ಕರೆಂಟ್ ಇರುವಲ್ಲಿ ಹಿಡಿದು ನೋಡಿ.

ಕೆಂಪು, ಹಳದಿ, ನೀಲಿ ಫೇಸ್‌ಗಳು, ಕಪ್ಪು ನ್ಯೂಟ್ರಲ್, ಇದೇ ಕ್ರಮವನ್ನು ಜೆಸ್ಕಾಂ, ಜನರೇಟರ್, ಲೋಡ್ ಈ ಮೂರೂ ಸಾಲಿನಲ್ಲಿ ಪಾಲಿಸಿ. ಲಗ್ಗಿನೊಳಗೆ ಎಲ್ಲ ಎಳೆಗಳೂ ಹೋಗಬೇಕು. ಎಳೆ ಹಿಡಿಯದಿದ್ದರೆ ಲಗ್ ದೊಡ್ಡದನ್ನು ತನ್ನಿ, ನಾಲ್ಕು ಎಳೆ ಕತ್ತರಿಸಿ ತುರುಕಬೇಡಿ. ನ್ಯೂಟ್ರಲ್ ಬಿಗಿತಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಫೇಸ್ ಸಡಿಲಾದರೆ ಒಂದು ಸಾಲು ದೀಪ ಆರಬಹುದು. ತ್ರೀ ಫೇಸಿನಲ್ಲಿ ನ್ಯೂಟ್ರಲ್ ಬಿಟ್ಟರೆ 230 ವೋಲ್ಟಿನ ಉಪಕರಣಗಳು ಎರಡು ಫೇಸಿನ ನಡುವೆ ಸರಣಿಯಲ್ಲಿ ಸಿಕ್ಕಿಬಿದ್ದು, ಕಡಿಮೆ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜು 300 ದಾಟಿ 400ರ ಹತ್ತಿರಕ್ಕೂ ಏರಬಲ್ಲದು. ಫ್ರಿಜ್, ಕಂಪ್ಯೂಟರ್, ಟ್ಯೂಬ್‌ಲೈಟ್ ಒಟ್ಟಿಗೇ ಸುಟ್ಟವೆಂದರೆ ಕಾರಣ ಬಹುಪಾಲು ಇದೇ.

ಛಾವಣಿಯ ಮೇಲೆ ಗ್ರಿಡ್‌ಗೆ ಸೇರುವ ಸೋಲಾರ್ ಇದ್ದರೆ ಅದರ ವೈರು ಜೆಸ್ಕಾಂ ಬದಿಯಲ್ಲೇ ಸೇರಬೇಕು. ಲೋಡ್ ಬದಿಗೆ ಬಂದರೆ ಇನ್ವರ್ಟರು ಜನರೇಟರನ್ನೇ ಗ್ರಿಡ್ ಎಂದುಕೊಂಡು ಅದಕ್ಕೆ ಕರೆಂಟ್ ತಳ್ಳುತ್ತದೆ, ಜನರೇಟರ್ ಹಾಳಾಗುತ್ತದೆ.

ಅರ್ಥಿಂಗ್

ನ್ಯೂಟ್ರಲನ್ನೂ ಕಡಿಯುವ ಸ್ವಿಚ್ ಹಾಕಿದ ಮೇಲೆ, ಜನರೇಟರ್ ಓಡುವಾಗ ಅದಕ್ಕೆ ತನ್ನದೇ ನ್ಯೂಟ್ರಲ್ ಅರ್ಥಿಂಗ್ ಬೇಕಾಗುತ್ತದೆ. ಎಷ್ಟೋ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಯಾವುದಕ್ಕೂ ತಾಗದೆ ತೇಲುತ್ತಿರುತ್ತದೆ. ಹಾಗಿದ್ದರೆ ಯಂತ್ರದ ಮೈಗೆ ಫೇಸ್ ತಾಗಿದರೂ ಕರೆಂಟು ಹಿಂತಿರುಗಲು ದಾರಿಯಿಲ್ಲ, ಆರ್‌ಸಿಸಿಬಿ ಬೀಳುವುದಿಲ್ಲ. ಆದ್ದರಿಂದ ನ್ಯೂಟ್ರಲ್–ಅರ್ಥ್ ಜೋಡಣೆಯನ್ನು ಜನರೇಟರ್ ಬಳಿಯೇ ಮಾಡಿಸಿ. ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಎಂದೂ ಅವೆರಡನ್ನು ಸೇರಿಸಬೇಡಿ, ಸೇರಿಸಿದರೆ ಆರ್‌ಸಿಸಿಬಿ ಮೇಲೆ ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತದೆ. ಜನರೇಟರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ತಂತಿ, ಸ್ವಿಚ್ ಪೆಟ್ಟಿಗೆಗೂ ಅರ್ಥ್. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚಿನ ನಂತರ, ಲೋಡ್ ಬದಿಗೆ ಇದ್ದರೆ ಎರಡೂ ಕರೆಂಟಿಗೆ ಕಾವಲಾಗುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ, ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕಿಸಿ. ಅಳತೆ 5 ಓಮ್‌ಗಿಂತ ಕೆಳಗಿದ್ದರೆ ಒಳ್ಳೆಯದು.

ಕರೆಂಟ್ ಕೊಟ್ಟು ಪರೀಕ್ಷೆ

ಬೋರ್ಡಿನ ಎಲ್ಲ ಎಂಸಿಬಿ ಇಳಿಸಿರಲಿ. ಮೊದಲು ಹಿಡಿಕೆ 0, ಮೇನ್ ಮೇಲೆ. ಜೆಸ್ಕಾಂ ಟರ್ಮಿನಲ್‌ಗಳಲ್ಲಿ ಫೇಸ್‌ಗಳ ನಡುವೆ 415ರ ಆಸುಪಾಸು, ಫೇಸ್–ನ್ಯೂಟ್ರಲ್ 230–240 ಬರಬೇಕು. ಹಿಡಿಕೆ 1ಕ್ಕೆ ತಂದಾಗ ಅದೇ ಅಳತೆ ಲೋಡ್ ಬದಿಗೂ ಬರಬೇಕು, ಜನರೇಟರ್ ಟರ್ಮಿನಲ್‌ಗಳಲ್ಲಿ ಏನೂ ಇರಬಾರದು. ಡಿಜಿಟಲ್ ಮೀಟರು ಅಲ್ಲಿ 20–40 ವೋಲ್ಟ್ ತೋರಿಸಿದರೆ ಗಾಬರಿ ಬೇಡ, ಪಕ್ಕಪಕ್ಕದ ಕೇಬಲ್ಲುಗಳಿಂದ ಹಾರಿಬಂದ ಹುಸಿ ವೋಲ್ಟೇಜು ಇರಬಹುದು. ಟೆಸ್ಟ್ ಲ್ಯಾಂಪ್ ಹಚ್ಚಿದ ಕೂಡಲೇ ಅದು ಸೊನ್ನೆಗೆ ಬೀಳುತ್ತದೆ. ಬೀಳದಿದ್ದರೆ ನಿಲ್ಲಿಸಿ, ಎಲ್ಲೋ ಎರಡೂ ಕೂಡಿವೆ.

ಮತ್ತೆ 0. ಜನರೇಟರ್ ಚಾಲೂ ಮಾಡಿ ಮೂರು ನಿಮಿಷ ಬಿಟ್ಟು 50 ಹರ್ಟ್ಸ್ ಮತ್ತು ವೋಲ್ಟೇಜು ನೋಡಿ, 2ಕ್ಕೆ ತಂದು ಅಳೆಯಿರಿ. ಈ ಹೊತ್ತಿನಲ್ಲಿ ಮೇನ್ ಇಳಿಸಿಟ್ಟು ಜೆಸ್ಕಾಂ ಟರ್ಮಿನಲ್‌ಗಳು ಸತ್ತಿವೆಯೇ ಎಂದು ನೋಡುವುದೇ ಇಡೀ ಕೆಲಸದ ಮುಖ್ಯ ಪರೀಕ್ಷೆ. ನ್ಯೂಟ್ರಲನ್ನೂ ಸೇರಿಸಿ ನೋಡಿ.

ತ್ರೀ ಫೇಸ್ ಮೋಟರ್ ಇದ್ದಲ್ಲಿ ಫೇಸ್ ಸೀಕ್ವೆನ್ಸ್ ಮೀಟರನ್ನು ಲೋಡ್ ಬದಿಗೆ ಹಚ್ಚಿ, 1ರಲ್ಲೂ 2ರಲ್ಲೂ ಒಂದೇ ದಿಕ್ಕು ಬರುತ್ತದೆಯೇ ನೋಡಬೇಕು. ಬೇರೆ ಬಂದರೆ ಜನರೇಟರ್ ಕೇಬಲ್ಲಿನ ಎರಡು ಫೇಸ್ ಅದಲುಬದಲು ಮಾಡಿ. ಲೋಡ್ ಬದಿಯಲ್ಲಿ ಬದಲಿಸಿದರೆ ಜನರೇಟರಿಗೆ ಸರಿಹೋಗಿ ಜೆಸ್ಕಾಂಗೆ ಉಲ್ಟಾ ಆಗುತ್ತದೆ. ಬೋರಿನ ಪಂಪು ಜನರೇಟರಿನಲ್ಲಿ ಮಾತ್ರ ನೀರು ಕಡಿಮೆ ಎತ್ತುತ್ತದೆ ಎಂಬ ದೂರಿದ್ದರೆ ಮೊದಲು ಇದನ್ನೇ ನೋಡಬೇಕು.

ಕೊನೆಗೆ ಲೋಡನ್ನು ಒಂದೊಂದಾಗಿ ಏರಿಸಿ, ಕ್ಲ್ಯಾಂಪ್ ಮೀಟರಿನಿಂದ ಮೂರೂ ಫೇಸ್ ಅಳೆಯಿರಿ. ಯಾವ ಫೇಸೂ 21 ದಾಟಬಾರದು. 5 ಎಚ್‌ಪಿ ಮೋಟರ್ ಓಡುವಾಗ 7–8 ಆಂಪಿಯರ್ ಎಳೆದರೂ ನೇರ ಸ್ಟಾರ್ಟರಿನಲ್ಲಿ ಎದ್ದೇಳುವ ಕ್ಷಣ ಅದರ ಆರು ಪಟ್ಟು ಎಳೆಯುತ್ತದೆ, ಆದ್ದರಿಂದ ಮೋಟರ್ ಮೊದಲು, ದೀಪ ಮತ್ತು ಹೊಲಿಗೆ ಯಂತ್ರ ಆಮೇಲೆ. ಒಂದು ಗಂಟೆ ಓಡಿಸಿ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಟರ್ಮಿನಲ್‌ಗಳನ್ನು ನೋಡಿ. ಸಮ ಲೋಡಿನಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ 10 ಡಿಗ್ರಿ ಹೆಚ್ಚು ಕಾದಿದ್ದರೆ ಅಲ್ಲಿ ಲಗ್ ಸಡಿಲಿದೆ.

ದಿನದ ಬಳಕೆಯಲ್ಲಿ ಜೆಸ್ಕಾಂ ಕರೆಂಟು ಬಂದಾಗ ಕೈ ಅವಸರ ಮಾಡುತ್ತದೆ. ಮೋಟರುಗಳನ್ನು ನಿಲ್ಲಿಸಿ, 0ಯಲ್ಲಿ ಹತ್ತು ಸೆಕೆಂಡ್ ತಡೆದು 1ಕ್ಕೆ ಹೋಗಿ. ತಿರುಗುತ್ತಿರುವ ಮೋಟರಿನಲ್ಲಿ ಇನ್ನೂ ವೋಲ್ಟೇಜು ಉಳಿದಿರುತ್ತದೆ, ಅದು ಹೊಸ ಕರೆಂಟಿನ ಲಯಕ್ಕೆ ಹೊಂದದಿದ್ದರೆ ದೊಡ್ಡ ಝಟಕಾ ಹೊಡೆಯುತ್ತದೆ. ಜನರೇಟರನ್ನು ಖಾಲಿ ಮೂರು ನಿಮಿಷ ಓಡಿಸಿ ಆರಿಸಿ. ವರ್ಷಕ್ಕೊಮ್ಮೆ, ಬೇಸಿಗೆಗೆ ಮೊದಲು, ಕರೆಂಟ್ ಪೂರ್ತಿ ಕಡಿದು ಧೂಳು ಒರೆಸಿ ಟರ್ಮಿನಲ್ ಬಿಗಿ ಮಾಡಿಸಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು 1ರಲ್ಲೊಮ್ಮೆ, 2ರಲ್ಲೊಮ್ಮೆ ಒತ್ತಿ ನೋಡಿ.