ಡೇಟಾಬೇಸ್ ಲಾಗ್‌ಗೆ ಪ್ರತ್ಯೇಕ ಎನ್‌ವಿಎಂಇ: ಆಯ್ಕೆ, ಪರೀಕ್ಷೆ, ಜೋಡಣೆ

ಡೇಟಾಬೇಸ್ ನಿಧಾನವಾಯಿತೆಂದು ಹೊಸ ಹಾರ್ಡ್‌ವೇರ್ ಕೊಳ್ಳುವ ಮುಂಚೆ, ಅದು ಯಾವುದಕ್ಕಾಗಿ ಕಾಯುತ್ತಿದೆ ಎಂದು ನೋಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪಿಜಿ_ಸ್ಟಾಟ್_ಆಕ್ಟಿವಿಟಿ ಎಂಬ ಪಟ್ಟಿಯ ವೇಟ್_ಇವೆಂಟ್ ಕಾಲಂ ಅದನ್ನು ಹೇಳುತ್ತದೆ. ಡೇಟಾಫೈಲ್‌ರೀಡ್ (ಡೇಟಾ ಫೈಲ್ ಓದಲು ಕಾಯುವುದು) ಪದೇ ಪದೇ ಕಂಡರೆ ಮೊದಲು ರ‍್ಯಾಮ್ ಹೆಚ್ಚಿಸಿ. ವಾಲ್‌ಸಿಂಕ್, ವಾಲ್‌ರೈಟ್ ಕಂಡರೆ ತೊಂದರೆ ಇರುವುದು ಲಾಗ್ (ವಾಲ್, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆ) ಬರೆಯುವಲ್ಲಿ.

ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ಲಾಗ್ ಡಿಸ್ಕಿನಲ್ಲಿ ಗಟ್ಟಿಯಾಗಿ ಕೂರಲೇಬೇಕು. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದು ಕನೆಕ್ಷನ್‌ಗೆ ಸೆಕೆಂಡಿಗೆ ಸುಮಾರು 120 ಕಮಿಟ್ ಸಿಕ್ಕರೆ ಹೆಚ್ಚು.

ಲಾಗ್‌ಗೆ ಪ್ರತ್ಯೇಕವಾಗಿ ಎನ್‌ವಿಎಂಇ, ಅಂದರೆ ವೇಗದ ಎಸ್‌ಎಸ್‌ಡಿ, ಆರಿಸುವಾಗ ಡಬ್ಬದ ಮೇಲಿನ ಜಿಬಿ ಲೆಕ್ಕದ ವೇಗಕ್ಕೆ ಮರುಳಾಗಬೇಡಿ. ಬೇಕಿರುವುದು ಪವರ್ ಲಾಸ್ ಪ್ರೊಟೆಕ್ಷನ್. ಇಂಥ ಡ್ರೈವ್‌ನ ಬೋರ್ಡಿನಲ್ಲಿ ಸಾಲಾಗಿ ಕೆಪಾಸಿಟರ್‌ಗಳಿರುತ್ತವೆ. ಎಂ.2 ಮಾದರಿಯಲ್ಲಿ ಅವಕ್ಕೆ ಜಾಗ ಬೇಕಾಗಿ ಕಾರ್ಡಿನ ಉದ್ದ ಸಾಮಾನ್ಯವಾಗಿ 80ರ ಬದಲು 110 ಮಿ.ಮೀ. ಇರುತ್ತದೆ, ಸ್ಲಾಟ್ ಅಳೆದು ನೋಡಿಯೇ ಕೊಳ್ಳಿ. ಕರೆಂಟ್ ಹೋದರೂ ಕ್ಯಾಶ್‌ನಲ್ಲಿದ್ದದ್ದು ಫ್ಲ್ಯಾಶ್‌ಗೆ ಸೇರುವಷ್ಟು ವಿದ್ಯುತ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಆ ಧೈರ್ಯದಿಂದಲೇ ಡ್ರೈವ್ ತಕ್ಷಣ ‘ಬರೆದಾಯಿತು’ ಎನ್ನುತ್ತದೆ. ಎರಡು ಡ್ರೈವ್ ತಂದು ರೇಡ್ 1 (ಎರಡರಲ್ಲೂ ಒಂದೇ ನಕಲು) ಮಾಡಿ. ಲಾಗ್ ಹೋದರೆ ಕ್ರ್ಯಾಶ್ ಆದ ಡೇಟಾಬೇಸನ್ನು ಸರಿಯಾಗಿ ಎಬ್ಬಿಸಲಾಗದು.

ಜೋಡಿಸಿದ ಮೇಲೆ ಆ ಡ್ರೈವ್‌ನಲ್ಲಿರುವ ಫೈಲ್ ಮೇಲೆಯೇ ಪೋಸ್ಟ್‌ಗ್ರೆಸ್ ಜೊತೆ ಬರುವ ಪರೀಕ್ಷಾ ಸಾಧನ ಪಿಜಿ_ಟೆಸ್ಟ್_ಎಫ್‌ಸಿಂಕ್ ಓಡಿಸಿ, ಎಫ್‌ಡೇಟಾಸಿಂಕ್ (ಬರೆದದ್ದನ್ನು ಡಿಸ್ಕಿನಲ್ಲಿ ಗಟ್ಟಿಮಾಡುವ ಕರೆ) ಸಾಲು ನೋಡಿ. ಕೆಪಾಸಿಟರ್ ಇರುವ ಡ್ರೈವ್ ಕೆಲವು ಹತ್ತು ಮೈಕ್ರೋಸೆಕೆಂಡ್ ತೋರಿಸುತ್ತದೆ. ಸಾಧಾರಣ ಡ್ರೈವ್ ಹಲವು ಬಾರಿ ಮಿಲಿಸೆಕೆಂಡ್ ದಾಟುತ್ತದೆ. ಕೆಪಾಸಿಟರ್ ಇಲ್ಲದ ಡ್ರೈವ್ ಅಷ್ಟೇ ವೇಗ ತೋರಿಸಿದರೆ ಖುಷಿಪಡಬೇಡಿ, ಅದು ಕ್ಯಾಶ್‌ನಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ಬರೆಯದೆಯೇ ‘ಬರೆದಾಯಿತು’ ಎನ್ನುತ್ತಿರಬಹುದು. ನಂತರ ಫಿಯೋ ಎಂಬ ಡಿಸ್ಕ್ ಪರೀಕ್ಷಾ ಸಾಧನದಲ್ಲಿ 8 ಕೆಬಿ ಬ್ಲಾಕ್, ಪ್ರತಿ ಬರಹಕ್ಕೂ ಎಫ್‌ಡೇಟಾಸಿಂಕ್ ಇಟ್ಟು ಅರ್ಧ ಗಂಟೆಯಾದರೂ ನಡೆಸಿ. ಒಂದೇ ನಿಮಿಷದ ಪರೀಕ್ಷೆಯಲ್ಲಿ ಡ್ರೈವ್ ಬಿಸಿಯಾಗಿ ವೇಗ ಇಳಿಯುವುದು ಗೊತ್ತಾಗುವುದಿಲ್ಲ.

ಈಗ ಸ್ಥಳಾಂತರ. ಸರ್ವರನ್ನು ಸರಿಯಾಗಿ ನಿಲ್ಲಿಸಿ. ಹೊಸ ಡ್ರೈವನ್ನು ಮೌಂಟ್ ಮಾಡಿ, ಅದರೊಳಗೆ ಒಂದು ಉಪಡೈರೆಕ್ಟರಿ ಮಾಡಿ. ಮೌಂಟ್ ಪಾಯಿಂಟನ್ನೇ ನೇರವಾಗಿ ಬಳಸಬೇಡಿ. ಮಾಲೀಕ ಪೋಸ್ಟ್‌ಗ್ರೆಸ್, ಅನುಮತಿ 0700. ಲಾಗ್ ಇರುವ ಪಿಜಿ_ವಾಲ್ ಡೈರೆಕ್ಟರಿಯಲ್ಲಿ ಇರುವುದೆಲ್ಲವನ್ನೂ ಅಲ್ಲಿಗೆ ನಕಲಿಸಿ, ಹಳೆಯದರ ಹೆಸರು ಬದಲಿಸಿ, ಅದೇ ಹೆಸರಿನಲ್ಲಿ ಸಿಮ್‌ಲಿಂಕ್ (ಹೊಸ ಜಾಗಕ್ಕೆ ದಾರಿ ತೋರುವ ಕೊಂಡಿ) ಇಡಿ. ಸರ್ವರ್ ಎದ್ದು ಒಂದು ಚೆಕ್‌ಪಾಯಿಂಟ್ (ಬದಲಾವಣೆಗಳನ್ನೆಲ್ಲ ಡೇಟಾ ಫೈಲ್‌ಗಳಿಗೆ ಬರೆಯುವ ಘಟ್ಟ) ಮುಗಿಯುವವರೆಗೆ ಹಳೆಯದನ್ನು ಅಳಿಸಬೇಡಿ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಡೇಟಾಬೇಸ್ ಸರ್ವಿಸ್ ಆ ಮೌಂಟ್‌ಗೆ ಕಾಯುವಂತೆ ಬರೆಯಿರಿ. ಇಲ್ಲವಾದರೆ ರೀಬೂಟ್‌ನಲ್ಲಿ ಲಿಂಕ್ ಇಲ್ಲದ ಜಾಗ ತೋರಿಸಿ ಸರ್ವರ್ ಏಳದು.

ಹಳೆಯ ರೇಡ್ ಕಂಟ್ರೋಲರ್ ಇದ್ದರೆ ಅದರ ಬ್ಯಾಟರಿ ನೋಡಿ. ಅದು ಸತ್ತಾಗ ಕಂಟ್ರೋಲರ್ ರೈಟ್-ಥ್ರೂಗೆ (ಕ್ಯಾಶ್ ನೆಚ್ಚದೆ ನೇರ ಡಿಸ್ಕಿಗೆ ಬರೆಯುವ ರೀತಿಗೆ) ಇಳಿಯುತ್ತದೆ, ಕಮಿಟ್‌ಗಳು ಇದ್ದಕ್ಕಿದ್ದಂತೆ ತೆವಳತೊಡಗುತ್ತವೆ. ಆಗ ಎಫ್‌ಸಿಂಕ್ (ಡಿಸ್ಕಿಗೆ ಗಟ್ಟಿಯಾಗಿ ಬರೆಸುವ ಸೆಟ್ಟಿಂಗ್) ಆಫ್ ಮಾಡುವ ಆಸೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಕರೆಂಟ್ ಹೋದ ಕ್ಷಣಕ್ಕೆ ಇಡೀ ಡೇಟಾಬೇಸ್ ಕೆಟ್ಟುಹೋಗಬಹುದು.

ಎಫ್‌ಪಿಜಿಎ (ಬೇಕಾದ ಕೆಲಸಕ್ಕೆ ತಕ್ಕಂತೆ ಮರುಜೋಡಿಸಬಲ್ಲ ಚಿಪ್), ಜಿಪಿಯು ಕಾರ್ಡ್‌ಗಳು ದೊಡ್ಡ ಟೇಬಲನ್ನು ಪೂರ್ತಿ ಜಾಲಾಡುವ ವಿಶ್ಲೇಷಣೆಗೆ ಒದಗುತ್ತವೆ. ನೆಟೀಜಾ ಎಂಬ ಡೇಟಾ ವಿಶ್ಲೇಷಣಾ ಯಂತ್ರ ಎಫ್‌ಪಿಜಿಎ ಬಳಸಿದ್ದು ಡಿಸ್ಕಿನ ಪಕ್ಕದಲ್ಲೇ ಸಾಲುಗಳನ್ನು ಸೋಸಲಿಕ್ಕೆ. ಇಂಡೆಕ್ಸ್‌ನಿಂದ ನಾಲ್ಕು ಸಾಲು ತೆಗೆಯುವ ಕೆಲಸಕ್ಕೆ ಅವು ಬೇಡ.

ಡೇಟಾ ಫೈಲ್‌ಗಳೂ ಎಸ್‌ಎಸ್‌ಡಿಗೆ ಬಂದಿದ್ದರೆ ರ‍್ಯಾಂಡಮ್_ಪೇಜ್_ಕಾಸ್ಟ್ (ಚೆದುರಿದ ಪುಟ ಓದುವ ಅಂದಾಜು ವೆಚ್ಚ) ಅನ್ನು 4ರಿಂದ 1.1ಕ್ಕೆ ಇಳಿಸಿ. ಇಲ್ಲದಿದ್ದರೆ ಕ್ವೆರಿ ನಡೆಸುವ ದಾರಿ ಆರಿಸುವ ಪ್ಲ್ಯಾನರ್ ಹಳೆಯ ಡಿಸ್ಕಿನ ಲೆಕ್ಕದಲ್ಲೇ ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದುತ್ತಿರುತ್ತದೆ.