ಅಡಿಕೆ ಸಿಪ್ಪೆಯ ಇದ್ದಿಲು ಬ್ರಿಕೆಟ್: ನನ್ನ ಅನುಭವ

ಅಡಿಕೆ ಸಿಪ್ಪೆ ಸುಟ್ಟರೆ ಬೂದಿ ಬಿಟ್ಟು ಏನೂ ಸಿಗಲ್ಲ ಅಂದವರು ಒಬ್ಬಿಬ್ಬರಲ್ಲ. ಚನ್ನಗಿರಿ ಕಡೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಬೆಂಕಿ ಇಡುತ್ತಾರಲ್ಲ, ಹಾಗೆ ಸುಟ್ಟರೆ ಬೂದಿಯೇ. ಅದೇ ಸಿಪ್ಪೆಯಿಂದ ನಾನೀಗ ಸೀಸನ್‌ನಲ್ಲಿ ತಿಂಗಳಿಗೆ ಹತ್ತಿರ ಹತ್ತಿರ ಒಂದು ಟನ್ ಬ್ರಿಕೆಟ್, ಅಂದರೆ ಇದ್ದಿಲಿನ ಪುಡಿಗೆ ಅಂಟು ಬೆರೆಸಿ ಒತ್ತಿದ ಗಟ್ಟಿ ತುಂಡು, ತೆಗೆಯುತ್ತೇನೆ.

ಸಿಪ್ಪೆಯನ್ನು ಇದ್ದಿಲು ಮಾಡುವುದು 200 ಲೀಟರಿನ ಡ್ರಮ್‌ಗಳಲ್ಲಿ. ಬೆಂಕಿ ಹಚ್ಚುವುದು ಮೇಲಿಂದ, ಆಮೇಲೆ ಗಾಳಿ ಹೋಗದಂತೆ ಮುಚ್ಚಳಕ್ಕೆ ಮಣ್ಣು ಮೆತ್ತಿ ಮರುದಿನ ತೆಗೆಯುವುದು. ನಮ್ಮಲ್ಲಿ ಹಸಿ ಅಡಿಕೆ ಸುಲಿಯುವುದರಿಂದ ಸಿಪ್ಪೆ ಒದ್ದೆ; ಗರಿಗರಿ ಒಣಗದಿದ್ದರೆ ಬರೀ ಹೊಗೆ. ಒಣಗಿದ್ದನ್ನು ತುಳಿದು ತುಂಬಿದರೆ ಒಂದು ಡ್ರಮ್ 20 ಕೆಜಿ ಹಿಡಿಯುತ್ತದೆ, ಇದ್ದಿಲು ಐದು ಕೆಜಿಯೊಳಗೆ.

ದುಡ್ಡು ಹೋಗಿದ್ದು ಪುಡಿ ಒತ್ತಿ ಬ್ರಿಕೆಟ್ ಮಾಡುವ ಮಷಿನ್‌ಗೆ. 70 ಸಾವಿರದ ಆಸುಪಾಸು ಕೊಟ್ಟು ತಂದದ್ದು, ಎರಡೇ ತಿಂಗಳಿಗೆ ಒಳಗೆ ಪುಡಿ ತಳ್ಳುವ ಸ್ಕ್ರೂ ಸವೆಯಿತು. ನಿಮ್ಮ ಮಾಲೇ ಸರಿಯಿಲ್ಲ ಅಂತ ಮಾರಿದವರು ಕೈ ತೊಳೆದುಕೊಂಡರು. ಅರ್ಧ ನಿಜ, ರಸ್ತೆ ಬದಿಯ ಸಿಪ್ಪೆಯಲ್ಲಿ ಮರಳಿತ್ತು. ದಾವಣಗೆರೆಯಲ್ಲಿ ಸ್ಕ್ರೂಗೆ ಗಟ್ಟಿ ವೆಲ್ಡಿಂಗ್ ಕಟ್ಟಿಸಿದೆ. ಸಿಪ್ಪೆಯನ್ನು ಖೇಣಿದಾರರ (ತೋಟದ ಫಸಲು ಗುತ್ತಿಗೆ ಹಿಡಿಯುವವರ) ಕಣದಿಂದಲೇ ತರತೊಡಗಿದೆ. ಮೊದಲು ‘ತಗೊಂಡು ಹೋಗು ಮಾರಾಯ’ ಅನ್ನುತ್ತಿದ್ದವರು ಈಗ ಟ್ರ್ಯಾಕ್ಟರ್ ಲೋಡಿಗೆ 500 ಕೇಳುತ್ತಾರೆ!

ಬರೀ ಸಿಪ್ಪೆಯ ಬ್ರಿಕೆಟ್ ಹಗುರ, ಬೇಗ ಉರಿದು ಮುಗಿಯುತ್ತದೆ. ಇಸ್ತ್ರಿಯವರು ಮೂಗು ಮುರಿದರು. ತಿಪಟೂರು ಕಡೆಯಿಂದ ತೆಂಗಿನ ಚಿಪ್ಪಿನ ಇದ್ದಿಲಿನ ಪುಡಿ ತರಿಸಿದೆ. ಜರಡಿ ಕೆಳಗೆ ಉದುರಿದ್ದು, ಅಗ್ಗ. ಹತ್ತರಲ್ಲಿ ನಾಲ್ಕು ಪಾಲು ಅದನ್ನು ಬೆರೆಸಿದ ಮೇಲೆ ಕಾವು ನಿಂತಿತು.

ಅಂಟಿಗೆ ಸಗಣಿ, ಜೇಡಿಮಣ್ಣು ಎರಡೂ ನೋಡಿದೆ. ಬೂದಿ ಜಾಸ್ತಿ. ಮೈದಾ ಗಂಜಿ ಚೆನ್ನಾಗಿ ಹಿಡಿಯುತ್ತದೆ, ದುಬಾರಿ. ಮರಗೆಣಸಿನ ಹಿಟ್ಟು 100 ಕೆಜಿ ಪುಡಿಗೆ ಐದಾರು ಕೆಜಿ ಸಾಕು. ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ ಅಲ್ವಾ, ಅದಕ್ಕೆ ಗಂಜಿ ಕುದಿಯುವಾಗ ಒಂದು ಸಾಮಾನು ಹಾಕುತ್ತೇನೆ. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಹೆಸರು ಮಾತ್ರ ಕೇಳಬೇಡಿ.

ನಡುವೆ ಭತ್ತದ ಹೊಟ್ಟಿನ ಹುಚ್ಚೂ ಹಿಡಿದಿತ್ತು. ಹೊಟ್ಟಿನಲ್ಲೇ ಐದರಲ್ಲೊಂದು ಪಾಲು ಬೂದಿ, ಇದ್ದಿಲಾದ ಮೇಲೆ ಇನ್ನೂ ಜಾಸ್ತಿ. ಒಲೆಗೆ ಸುಮ್ನೆ ದಂಡ. ಉಳಿದದ್ದನ್ನು ಗೊಬ್ಬರದ ಗುಂಡಿಗೆ ಸುರಿದೆ. ಈ ಸಲ ಬದನೆ ಅಲ್ಲಿ ಚೆನ್ನಾಗಿ ಬಂದಿದೆ, ಕಾರಣ ಅದೇನಾ ಅಂತ ನೋಡಬೇಕು.

ನನ್ನ ಕೂಲಿ ಬಿಟ್ಟು ಕೆಜಿಗೆ 17-18 ರೂಪಾಯಿ ಬೀಳುತ್ತದೆ. ಇಸ್ತ್ರಿಯವರಿಗೆ 28, ತಂದೂರಿ ಹೋಟೆಲಿಗೆ 32. ಹೋಟೆಲಿನವರದು ತಿಂಗಳ ಸಾಲ, ಇಸ್ತ್ರಿಯವರು ನೋಟು ಎಣಿಸಿ ಚೀಲ ಎತ್ತುತ್ತಾರೆ. ಮಾಲು ಕಮ್ಮಿ ಇದ್ದಾಗ ನಾಲ್ಕು ರೂಪಾಯಿ ಹೋದರೂ ಇಸ್ತ್ರಿಯವರಿಗೇ ಕೊಡುತ್ತೇನೆ.